ಕಪ್ಪುಹಲಗೆಯ ಮೇಲೆ ಅರ್ಧಕ್ಕೆ ನಿಂತ ಊರು

ಜರ್ಮನ್ ಲೇಖಕ ಹೈನ್‌ರಿಷ್ ಬ್ಯೋಲ್ ಅವರ ಕತೆಯೊಂದನ್ನು ಜರ್ಮನ್‌ನಿಂದ ನೇರವಾಗಿ ಕನ್ನಡಕ್ಕೆ ತರಲು ಕುಳಿತ ನಾನು ಹದಿನೈದು ದಿನ ಶೀರ್ಷಿಕೆಯಲ್ಲೇ ಸಿಕ್ಕಿಬಿದ್ದಿದ್ದೆ. ಕತೆ ಪ್ರಕಟವಾದದ್ದು 1950ರಲ್ಲಿ. ಮೈತುಂಬ ಗಾಯವಾದ ಎಳೆಯ ಸೈನಿಕನೊಬ್ಬನನ್ನು ಶಾಲೆಯೊಂದರಲ್ಲಿ ತೆರೆದ ಆಸ್ಪತ್ರೆಗೆ ಹೊತ್ತು ತರುತ್ತಾರೆ. ಇದು ತಾನೇ ಎಂಟು ವರ್ಷ ಓದಿದ ಶಾಲೆಯಲ್ಲವೇ ಎಂದು ಅವನಿಗೆ ಅನುಮಾನ. ಚಿತ್ರಕಲೆಯ ಕೊಠಡಿಯಲ್ಲಿ ಕಪ್ಪುಹಲಗೆಯ ಮೇಲೆ ತನ್ನದೇ ಕೈಬರಹ ಕಂಡಾಗ ಅನುಮಾನ ತೀರುತ್ತದೆ. ಮೂರು ತಿಂಗಳ ಹಿಂದೆ ಕಾಪಿ ಬರೆದ ವಾಕ್ಯ ಅದು: ಪ್ರಾಚೀನ ಗ್ರೀಸಿನ ಥರ್ಮಾಪಿಲೆ ಕಾಳಗದಲ್ಲಿ ಮಡಿದ ಸ್ಪಾರ್ಟಾದ ಯೋಧರ ನೆನಪಿನ ಸಾಲು, ನಮ್ಮ ವೀರಗಲ್ಲಿನ ಬರಹದಂಥದ್ದು. ಬೇರೆ ಬೇರೆ ಬಗೆಯ ಅಕ್ಷರಗಳಲ್ಲಿ ಏಳು ಸಲ ಬರೆದಿದ್ದಾನೆ. ಅಕ್ಷರ ದಪ್ಪವಾಗಿ, ಜಾಗ ಸಾಲದೆ, ಏಳು ಸಲವೂ ಊರಿನ ಹೆಸರು ‘ಸ್ಪಾ...’ ಎಂದು ನಿಂತುಬಿಟ್ಟಿದೆ. ಅರ್ಧಕ್ಕೆ ನಿಂತ ಆ ಸಾಲೇ ಕತೆಯ ಶೀರ್ಷಿಕೆ.

ಜರ್ಮನ್‌ನಲ್ಲಿ ಕ್ರಿಯಾಪದ ಊರಿಗಿಂತ ಮೊದಲೇ ಬಂದುಹೋಗಿರುತ್ತದೆ. ನಾನೂ ಹಾಗೆಯೇ ‘ದಾರಿಹೋಕನೇ, ನೀನು ಹೋಗುವುದಾದರೆ ಸ್ಪಾ...’ ಎಂದು ಬರೆದು ಗಟ್ಟಿಯಾಗಿ ಓದಿಕೊಂಡೆ. ಕಿವಿಗೆ ಕಲ್ಲು ಸಿಕ್ಕಂತಾಯಿತು. ಕೊನೆಗೆ ‘ದಾರಿಹೋಕನೇ, ನೀನು ಸ್ಪಾ...’ ಎಂದಷ್ಟೇ ಉಳಿಸಿಕೊಂಡೆ. ಕನ್ನಡದಲ್ಲಿ ‘ಹೋದರೆ’ ಎಂಬುದೂ ಹಲಗೆಯಾಚೆ ಬಿದ್ದುಹೋಯಿತು. ಹುಡುಗನ ಸ್ಥಿತಿಗೆ ಅದು ಇನ್ನೂ ಒಪ್ಪುತ್ತದೆ ಎಂದೇ ನನ್ನ ಹಟ.

ಆದರೆ ‘ಸ್ಪಾ’ ಎಂದರೆ ನಮ್ಮವರಿಗೆ ಎಣ್ಣೆ ತಿಕ್ಕುವ ಅಂಗಡಿ! ಜರ್ಮನ್ನರಿಗಾದರೆ 1918ರಲ್ಲಿ ಅವರ ಸೇನೆಯ ಪ್ರಧಾನ ಕಚೇರಿ ಇದ್ದ ಬೆಲ್ಜಿಯಂನ ಊರು. ‘ಸ್ಪಾರ್...’ ಎಂದು ಮಾಡಲೇ ಎಂದುಕೊಂಡು ಸೀಮೆಸುಣ್ಣ ಹಿಡಿದು ಮಗಳ ಸ್ಲೇಟಿನ ಮೇಲೆ ಬರೆದು ನೋಡಿದೆ. ಕೈ ‘ಸ್ಪಾ’ ಆದಮೇಲೆ ‘ಟಾ’ ಬರೆದು, ಆಮೇಲೆ ಅರ್ಕಾವೊತ್ತು ಎಳೆಯುತ್ತದೆ. ನಡುವೆ ‘ರ್’ ಎಂದು ನಿಲ್ಲುವ ಹುಡುಗನನ್ನು ನಾನು ಕಂಡಿಲ್ಲ. ಹಾಗಾಗಿ ‘ಸ್ಪಾ’ ಉಳಿಯಿತು, ನಗುವವರು ನಗಲಿ.

ಪತ್ರಿಕೆಯೊಂದಕ್ಕೆ ಕಳಿಸಿದೆ. ಅಚ್ಚಾಗಿ ಬಂದಾಗ ಕರಡು ತಿದ್ದಿದ ಪುಣ್ಯಾತ್ಮರು ಕತೆಯುದ್ದಕ್ಕೂ ‘ಸ್ಪಾರ್ಟಾ’ ಎಂದು ಪೂರ್ತಿ ಮಾಡಿದ್ದರು. ಕತೆಯೇ ಹೋಯಿತು.

ಬ್ಯೋಲ್ 1917ರಲ್ಲಿ ಕಲೋನ್‌ನಲ್ಲಿ ಹುಟ್ಟಿದವರು. 1939ರಿಂದ 1945ರವರೆಗೆ ಸೈನಿಕರಾಗಿದ್ದು, ಬಾಂಬಿಗೆ ನೆಲಸಮವಾದ ಊರಿಗೆ ಮರಳಿದರು. 1972ರಲ್ಲಿ ನೊಬೆಲ್ ಬಂತು. ನನಗೆ ಹೆಚ್ಚು ಹತ್ತಿರವಾದದ್ದು ಬೇರೆ ಸಂಗತಿ: ಹೆಂಡತಿ ಆನೆಮರೀ ಜೊತೆ ಸೇರಿ ಅವರೂ ಇಂಗ್ಲಿಷ್‌ನಿಂದ ಅನುವಾದ ಮಾಡುತ್ತಿದ್ದರು. ಅವರ ಗದ್ಯದಲ್ಲಿ ಅಡುಗೆಮನೆಯ ಮಾತುಗಳೇ ಹೆಚ್ಚು. ‘ಕ್ಷೀರ’ದಂಥ ಪದ ತಂದರೆ ಕೆಟ್ಟಿತು.

ಕ್ಷೀರ ಎಂದದ್ದು ಸುಮ್ಮನೆ ಅಲ್ಲ. ಕೊನೆಯಲ್ಲಿ ಹುಡುಗನಿಗೆ ತನ್ನ ಎರಡೂ ತೋಳುಗಳಿಲ್ಲ, ಬಲಗಾಲೂ ಇಲ್ಲ ಎಂದು ತಿಳಿಯುತ್ತದೆ. ಪಕ್ಕದಲ್ಲಿರುವ ಮುದುಕ ಯಾರೆಂದರೆ, ಶಾಲೆಯ ಬಿಡುವಿನಲ್ಲಿ ಹಾಲು ಮಾರುತ್ತಿದ್ದ ಜವಾನ. ‘ಹಾಲು’ ಎನ್ನುತ್ತಾನೆ ಹುಡುಗ, ಮೆಲ್ಲಗೆ. ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಓದಿ ಹೇಳಿದಾಗ ಅತ್ತೆ, “ಹಾಲು ತುಪ್ಪ ಬಿಟ್ಟ ಹಾಗಾಯಿತಲ್ಲಪ್ಪ” ಎಂದರು. ಜರ್ಮನ್‌ನಲ್ಲಿ ಆ ಅರ್ಥವಿಲ್ಲ. ತೆಗೆಯಲು ನನಗೆ ಬೇರೆ ಪದವೂ ಇಲ್ಲ.