ಫೋಟೋ ಸ್ಲೈಡ್‌ಶೋನಲ್ಲಿ ಹಾಡು ತಾಳ ತಪ್ಪಿದರೆ ಸರಿಪಡಿಸುವುದು ಹೇಗೆ?

ಫೋಟೋಗೂ ಹಾಡಿಗೂ ಹೊಂದುತ್ತಿಲ್ಲ ಎಂದ ಕೂಡಲೇ ಟೈಮ್‌ಲೈನ್ ಮೇಲೆ ಫೋಟೋಗಳನ್ನು ಅತ್ತಿತ್ತ ಎಳೆಯಲು ಹೋಗಬೇಡಿ. ಮೊದಲು ಸ್ಲೈಡ್‌ಶೋವನ್ನು ವಿಡಿಯೊ ಆಗಿ ಎಕ್ಸ್‌ಪೋರ್ಟ್ ಮಾಡಿ. ವೈರ್ ಇರುವ ಇಯರ್‌ಫೋನ್ ಹಾಕಿಕೊಂಡು ಆ ಫೈಲನ್ನು ಶುರು, ನಡು, ಕೊನೆ ಹೀಗೆ ಮೂರು ಕಡೆ ನೋಡಿ. ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಪರೀಕ್ಷಿಸಿದರೆ ದನಿಯೇ ತಡವಾಗಿ ಬರಬಹುದು, ಇಲ್ಲದ ತಪ್ಪು ಕಾಣಿಸುತ್ತದೆ.

ಎಕ್ಸ್‌ಪೋರ್ಟ್ ಆದ ಫೈಲಿನಲ್ಲಿ ಎಲ್ಲ ಸರಿಯಿದ್ದು ಪ್ರಿವ್ಯೂನಲ್ಲಿ ಮಾತ್ರ ಎಡವುತ್ತಿದ್ದರೆ ಕಾರಣ ಬಹಳ ಸಲ ಫೋಟೋಗಳ ಗಾತ್ರ. 6000×4000 ಪಿಕ್ಸೆಲ್‌ನ ಒಂದು ಫೋಟೋ ತೆರೆದಾಗ ಮೆಮೊರಿಯಲ್ಲಿ ಸುಮಾರು 72 ಎಂಬಿ ಹಿಡಿಯುತ್ತದೆ. ಅದು ಬಿಚ್ಚಿಕೊಳ್ಳುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ. ಫುಲ್ ಎಚ್‌ಡಿ ವಿಡಿಯೊಗೆ 1920 ಪಿಕ್ಸೆಲ್ ಅಗಲ ಸಾಕು. ಝೂಮ್ ಮಾಡುವ ಫೋಟೋಗಳನ್ನು ಮಾತ್ರ 3840ರಷ್ಟು ಇಟ್ಟುಕೊಳ್ಳಿ.

ಫೈಲಿನಲ್ಲೂ ತಪ್ಪಿದ್ದರೆ ಅಂತರ ಹೇಗಿದೆ ಎಂದು ಗಮನಿಸಿ. ಮೂರು ಕಡೆಯೂ ಒಂದೇ ಅಳತೆಯೋ, ಹೋಗುತ್ತ ಹೋಗುತ್ತ ಹೆಚ್ಚಾಗುತ್ತಿದೆಯೋ, ಎಲ್ಲೋ ಒಂದು ಕಡೆಯಿಂದ ಥಟ್ಟನೆ ಶುರುವಾಗಿದೆಯೋ?

ಒಂದೇ ಅಳತೆಯ ಅಂತರವಾದರೆ ಸುಲಭ. ಹಾಡಿನ ಆರಂಭದಲ್ಲಿ ಮೌನ ಇರುತ್ತದೆ. ಎಂಪಿ3 ಫೈಲ್ ಆದರೆ ಎನ್‌ಕೋಡಿಂಗ್‌ನಿಂದಲೇ ಸೆಕೆಂಡಿನ ಸಣ್ಣ ಭಾಗದಷ್ಟು ಖಾಲಿ ಜಾಗ ಸೇರಿಕೊಂಡಿರುತ್ತದೆ. ಆಡಾಸಿಟಿ ಎಂಬ ಆಡಿಯೊ ಎಡಿಟರ್‌ನಲ್ಲಿ ತೆರೆದು ದನಿಯ ಅಲೆ ಏಳುವ ಜಾಗದವರೆಗೆ ಕತ್ತರಿಸಿದರೆ ಮುಗಿಯಿತು.

ಅಂತರ ಬೆಳೆಯುತ್ತ ಹೋದರೆ

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿ, ಅದರಲ್ಲೂ ಟ್ರಾನ್ಸಿಷನ್, ಅಂದರೆ ಒಂದು ಫೋಟೋದಿಂದ ಇನ್ನೊಂದಕ್ಕೆ ಸಾಗುವ ಪರಿಣಾಮದ ಲೆಕ್ಕದಲ್ಲಿ. 60 ಫೋಟೋ, ತಲಾ 4 ಸೆಕೆಂಡ್, ಒಟ್ಟು 240 ಸೆಕೆಂಡ್ ಎಂದುಕೊಳ್ಳುತ್ತೇವೆ. ಆದರೆ 1 ಸೆಕೆಂಡಿನ ಕ್ರಾಸ್‌ಫೇಡ್ (ಒಂದು ಫೋಟೋ ಮಾಸುತ್ತ ಇನ್ನೊಂದು ಮೂಡುವ ಟ್ರಾನ್ಸಿಷನ್) ಹಾಕಿದಾಗ ಹಿಂದಿನ ಫೋಟೋ, ಮುಂದಿನ ಫೋಟೋ ಎರಡೂ ಆ ಒಂದು ಸೆಕೆಂಡನ್ನು ಹಂಚಿಕೊಳ್ಳುತ್ತವೆ. ನಡುವೆ 59 ಟ್ರಾನ್ಸಿಷನ್ ಇರುವುದರಿಂದ ಉಳಿಯುವುದು 181 ಸೆಕೆಂಡ್ ಮಾತ್ರ. ಎಲ್ಲ ಸಾಫ್ಟ್‌ವೇರ್‌ಗಳೂ ಹೀಗೇ ಮಾಡುವುದಿಲ್ಲ, ಕೆಲವು ಟ್ರಾನ್ಸಿಷನ್ ಸಮಯವನ್ನು ಫೋಟೋದ ಸಮಯಕ್ಕೆ ಕೂಡಿಸುತ್ತವೆ. ನಿಮ್ಮದು ಯಾವ ಬಗೆ ಎಂದು ತಿಳಿಯಲು 10 ಫೋಟೋ, ತಲಾ 4 ಸೆಕೆಂಡ್, ನಡುವೆ 1 ಸೆಕೆಂಡ್ ಟ್ರಾನ್ಸಿಷನ್ ಇಟ್ಟು ಎಕ್ಸ್‌ಪೋರ್ಟ್ ಮಾಡಿ. ಫೈಲ್ 31 ಸೆಕೆಂಡ್ ಬಂದರೆ ಹಂಚಿಕೊಳ್ಳುತ್ತಿದೆ, 40 ಬಂದರೆ ಫೋಟೋದ ಸಮಯದೊಳಗೇ ಮುಗಿಸುತ್ತಿದೆ, 49 ಅಥವಾ 50 ಬಂದರೆ ಕೂಡಿಸುತ್ತಿದೆ.

ಹಂಚಿಕೊಳ್ಳುವ ಬಗೆಯಾದರೆ ಸೂತ್ರ ಇದು: ಹಾಡಿನ ಉದ್ದಕ್ಕೆ ಎಲ್ಲ ಟ್ರಾನ್ಸಿಷನ್‌ಗಳ ಸಮಯ ಕೂಡಿಸಿ, ಫೋಟೋಗಳ ಸಂಖ್ಯೆಯಿಂದ ಭಾಗಿಸಿ. 3 ನಿಮಿಷ 30 ಸೆಕೆಂಡಿನ ಹಾಡಿಗೆ (210+59)÷60, ಅಂದರೆ ಫೋಟೋಗೆ 4.483 ಸೆಕೆಂಡ್.

ಲೆಕ್ಕ ಸರಿಯಾದ ಮೇಲೂ ಒಂದು ಎಡವಟ್ಟು ಉಳಿದಿರುತ್ತದೆ. ಸೆಕೆಂಡಿಗೆ 30 ಫ್ರೇಮ್ (ವಿಡಿಯೊದ ಒಂದೊಂದು ಬಿಡಿ ಚಿತ್ರ) ಇರುವ ವಿಡಿಯೊದಲ್ಲಿ 4.483 ಸೆಕೆಂಡ್ ಎಂದರೆ 134.5 ಫ್ರೇಮ್. ಅರ್ಧ ಫ್ರೇಮ್ ಎಂಬುದಿಲ್ಲ. ಸಾಫ್ಟ್‌ವೇರ್ ಅದನ್ನು 134ಕ್ಕೆ ಇಳಿಸಿದರೆ 60 ಫೋಟೋ ಮುಗಿಯುವಷ್ಟರಲ್ಲಿ 30 ಫ್ರೇಮ್, ಅಂದರೆ ಪೂರ್ತಿ ಒಂದು ಸೆಕೆಂಡ್ ಕಳೆದಿರುತ್ತದೆ. ಹಾಗಾಗಿ ಸೆಕೆಂಡಿನ ಬದಲು ಫ್ರೇಮ್ ಲೆಕ್ಕದಲ್ಲೇ ಅವಧಿ ಕೊಡಿ. ಒಂದು ಫೋಟೋಗೆ 134, ಮುಂದಿನದಕ್ಕೆ 135 ಎಂದು ಬದಲಿಸುತ್ತ ಹೋದರೆ ವ್ಯತ್ಯಾಸ ಎಲ್ಲೂ ಗುಡ್ಡೆಯಾಗುವುದಿಲ್ಲ.

ಆಮೇಲೆ ಆಡಿಯೊ ಫೈಲ್ ನೋಡಿ. ವೇರಿಯಬಲ್ ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ ಪ್ರಮಾಣ ಏರಿಳಿಯುವ) ಎಂಪಿ3 ಇದ್ದರೆ ಕೆಲವು ಸಾಫ್ಟ್‌ವೇರ್‌ಗಳು ಹಾಡಿನ ಉದ್ದವನ್ನೇ ತಪ್ಪಾಗಿ ಅಂದಾಜಿಸುತ್ತವೆ. ಅದನ್ನು 48000 ಹರ್ಟ್ಸ್, 16 ಬಿಟ್ ವೇವ್ ಫೈಲಾಗಿ ಬದಲಿಸಿ. ನಿಮಿಷಕ್ಕೆ 11.5 ಎಂಬಿ ಆಗುತ್ತದೆ, ಆಗಲಿ. ಹಾಡಿನ ಶ್ರುತಿಯೇ ಏರಿ, ಬೇಗ ಮುಗಿದಂತೆ ಕೇಳಿಸಿದರೆ 44100 ಹರ್ಟ್ಸ್‌ನ ಫೈಲನ್ನು ಸಾಫ್ಟ್‌ವೇರ್ 48000 ಎಂದುಕೊಂಡು ನುಡಿಸುತ್ತಿದೆ ಎಂದರ್ಥ. 210 ಸೆಕೆಂಡಿನ ಹಾಡು ಆಗ ಸುಮಾರು 193 ಸೆಕೆಂಡಿಗೇ ಮುಗಿಯುತ್ತದೆ.

ಥಟ್ಟನೆ ತಪ್ಪುವುದಾದರೆ ಆ ಜಾಗದಲ್ಲಿ ಫೋನಿನಲ್ಲಿ ತೆಗೆದ ವಿಡಿಯೊ ತುಣುಕೇನಾದರೂ ಇದೆಯೇ ನೋಡಿ. ಫೋನ್ ವಿಡಿಯೊಗಳ ಫ್ರೇಮ್‌ರೇಟ್ ಬಹಳ ಸಲ ಒಂದೇ ಸಮನಾಗಿರುವುದಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆಯ್ದು ಪರಿವರ್ತಿಸಿ ಮತ್ತೆ ಸೇರಿಸಿ. ಪವರ್‌ಪಾಯಿಂಟ್‌ನಲ್ಲಾದರೆ ಯಾವುದೋ ಒಂದು ಸ್ಲೈಡ್‌ನಲ್ಲಿ 'ಆಫ್ಟರ್' ಸಮಯ ಕೊಡುವುದು ಮರೆತು 'ಆನ್ ಮೌಸ್ ಕ್ಲಿಕ್' ಮಾತ್ರ ಉಳಿದಿರುತ್ತದೆ.

ಬೀಟ್‌ಗೆ ಸರಿಯಾಗಿ ಫೋಟೋ ಬದಲಾಗಬೇಕೆಂದರೆ

60ನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಲೆಕ್ಕ) ಭಾಗಿಸಿದರೆ ಒಂದು ಬೀಟ್‌ನ ಸಮಯ ಸಿಗುತ್ತದೆ. 96 ಬಿಪಿಎಂ ಹಾಡಿನಲ್ಲಿ 0.625 ಸೆಕೆಂಡ್, 8 ಬೀಟ್‌ಗೆ ಒಂದು ಫೋಟೋ ಎಂದರೆ ಸರಿಯಾಗಿ 5 ಸೆಕೆಂಡ್, 150 ಫ್ರೇಮ್. ಪ್ರತಿ ಬೀಟ್‌ಗೂ ಫೋಟೋ ಬದಲಿಸಿದರೆ ಕಣ್ಣಿಗೆ ಹಿಂಸೆ, ಅದನ್ನು ಹಾಡು ಏರುವ ಜಾಗಕ್ಕೆ ಮಾತ್ರ ಇಟ್ಟುಕೊಳ್ಳುವುದು ಮೇಲು. ಕ್ರಾಸ್‌ಫೇಡ್ ಇದ್ದರೆ ಫೋಟೋ ಬದಲಾದಂತೆ ಅನಿಸುವುದು ಅದರ ನಡುವಿನಲ್ಲಿ. ಆದ್ದರಿಂದ 1 ಸೆಕೆಂಡಿನ ಫೇಡನ್ನು ಬೀಟ್‌ಗಿಂತ 15 ಫ್ರೇಮ್ ಮೊದಲೇ ಶುರುಮಾಡಿ.

ಮೆಟ್ರೊನೋಮ್ (ಒಂದೇ ಲಯದಲ್ಲಿ ಟಿಕ್ ಎನ್ನುವ ಸಾಧನ) ಇಲ್ಲದೆ ನುಡಿಸಿದ ಹಾಡಿಗೆ ಈ ಲೆಕ್ಕ ಹೊಂದುವುದಿಲ್ಲ, ಲಯ ಹಿಗ್ಗುತ್ತ ಕುಗ್ಗುತ್ತ ಹೋಗುತ್ತದೆ. ಆಡಾಸಿಟಿಯಲ್ಲಿ ಹಾಡು ನುಡಿಸುತ್ತ, ಪಲ್ಲವಿ, ಚರಣ ಶುರುವಾಗುವ ಕಡೆಯೆಲ್ಲ ಕಂಟ್ರೋಲ್ ಮತ್ತು ಎಂ ಒತ್ತಿ ಗುರುತು ಹಾಕಿಕೊಳ್ಳಿ. ಮುಖ್ಯ ಫೋಟೋಗಳನ್ನು ಮೊದಲು ಆ ಗುರುತುಗಳಿಗೆ ಕೂರಿಸಿ, ಮಿಕ್ಕವನ್ನು ನಡುವೆ ಹಂಚಿ. ಹಾಡನ್ನು ಹಿಗ್ಗಿಸಿ ಹೊಂದಿಸುವ ಆಸೆ ಬೇಡ. ಹೆಚ್ಚು ಹಿಗ್ಗಿಸಿದರೆ ಕೇಳುವವರಿಗೆ ಗೊತ್ತಾಗಿಬಿಡುತ್ತದೆ.

ಕಂಪ್ಯೂಟರ್‌ನಲ್ಲಿ ಸರಿಯಿದ್ದು ಟಿವಿಯಲ್ಲಿ ಮಾತ್ರ ತಪ್ಪಿದರೆ ಫೈಲನ್ನು ಮುಟ್ಟಬೇಡಿ. ಸ್ಪೀಕರಿಗೆ ವೈರ್ ಹಾಕಿ ನೋಡಿ, ಅಥವಾ ಟಿವಿಯ ಸೆಟ್ಟಿಂಗ್‌ನಲ್ಲಿ ಆಡಿಯೊ ಡಿಲೇ ಬದಲಿಸಿ.