ಬ್ರಿಟನ್ನಿಗೆ ವಾಯ್ಸ್ ಕ್ಲಿನಿಕ್ ನೋಡಲು ಬರುವ ಇಎನ್‌ಟಿ ಡಾಕ್ಟರರೇ, ಮೊದಲು ಕ್ಲಿನಿಕ್ ಯಾವ ದಿನ ಎಂದು ಕೇಳಿ, ಆಮೇಲೆ ಟಿಕೆಟ್ ತೆಗೆಯಿರಿ

ದಾವಣಗೆರೆ ಕಡೆಯಿಂದ ಬಂದಿದ್ದ ಇಎನ್‌ಟಿ ಡಾಕ್ಟರೊಬ್ಬರು ಮೊನ್ನೆ ನಮ್ಮನೆಗೆ ಊಟಕ್ಕೆ ಬಂದಿದ್ದರು. "ನಾಲ್ಕು ವಾರ ಮುಗೀತು, ಸ್ಟ್ರೋಬೋಸ್ಕೋಪಿ (ಮಿನುಗು ಬೆಳಕಿನಲ್ಲಿ ಧ್ವನಿಪಟಲದ ಕಂಪನ ನೋಡುವ ಪರೀಕ್ಷೆ) ನೋಡಿದ್ದು ಒಂದೇ ಒಂದು ಬೆಳಿಗ್ಗೆ" ಅಂದರು. ನನಗೆ ತುತ್ತು ಇಳಿಯಲಿಲ್ಲ. ವರ್ಷಗಳ ಹಿಂದೆ ನನಗೂ ಹೀಗೇ ಆಗಿತ್ತು.

ಸಿವಿ, ಶಿಫಾರಸು ಪತ್ರ, ಕನ್ಸಲ್ಟೆಂಟರಿಗೆ (ಇಲ್ಲಿಯ ಹಿರಿಯ ತಜ್ಞ ಡಾಕ್ಟರಿಗೆ) ಇಮೇಲ್, ಇವೆಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿರದ್ದು ಇದು: ಇಲ್ಲಿ ದನಿಯ ತೊಂದರೆ ನೋಡುವ ವಾಯ್ಸ್ ಕ್ಲಿನಿಕ್ ಅನ್ನುವುದು ದಿನವೂ ನಡೆಯುವ ಓಪಿಡಿ ಅಲ್ಲ. ಲ್ಯಾರಿಂಜಾಲಜಿಸ್ಟ್ (ಧ್ವನಿಪೆಟ್ಟಿಗೆಯ ತಜ್ಞ) ಮತ್ತು ಸ್ಪೀಚ್ ಥೆರಪಿಸ್ಟ್ ಒಟ್ಟಿಗೆ ಕೂತು ನಡೆಸುವ ಈ ಕ್ಲಿನಿಕ್ ಅನೇಕ ಆಸ್ಪತ್ರೆಗಳಲ್ಲಿ ವಾರಕ್ಕೆ ಅರ್ಧ ದಿನ ಮಾತ್ರ. ಉಳಿದ ದಿನಗಳಲ್ಲಿ ಅದೇ ಕನ್ಸಲ್ಟೆಂಟ್ ಕಿವಿ, ಮೂಗು, ಟಾನ್ಸಿಲ್ ನೋಡುತ್ತಿರುತ್ತಾರೆ. ಅದನ್ನು ನೋಡಲು ವಿಮಾನ ಹತ್ತಬೇಕಾಗಿಲ್ಲ.

ನಾನು ಬಂದದ್ದು ಮೇ ತಿಂಗಳಲ್ಲಿ. ಕ್ಲಿನಿಕ್ ಇದ್ದದ್ದು ಸೋಮವಾರ. ಮೇ ತಿಂಗಳ ಮೊದಲ ಸೋಮವಾರವೂ ಕೊನೆಯ ಸೋಮವಾರವೂ ಇಲ್ಲಿ ಬ್ಯಾಂಕ್ ಹಾಲಿಡೇ, ಅಂದರೆ ಸಾರ್ವಜನಿಕ ರಜೆ, ಕ್ಲಿನಿಕ್ ಬಂದ್. ಮತ್ತೊಂದು ಸೋಮವಾರ ಕನ್ಸಲ್ಟೆಂಟ್ ಸಮ್ಮೇಳನಕ್ಕೆ ಹೋದರು. ನಾಲ್ಕು ವಾರದ ಬಾಡಿಗೆ, ವೀಸಾ, ವಿಮಾನ, ಆಸ್ಪತ್ರೆಗೆ ಕಟ್ಟಿದ ಶುಲ್ಕ, ಎಲ್ಲ ಸೇರಿ ಕೈಗೆ ಬಂದದ್ದು ಮೂರೂವರೆ ಗಂಟೆ. ಯಾರೂ ಸುಳ್ಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೆ.

ಇದಕ್ಕಿಂತ ಗಂಭೀರವಾದ ಸಂಗತಿ ವೀಸಾದ್ದು. ಸ್ಟ್ಯಾಂಡರ್ಡ್ ವಿಸಿಟರ್ ವೀಸಾದಲ್ಲಿ ಕ್ಲಿನಿಕಲ್ ಅಟ್ಯಾಚ್‌ಮೆಂಟಿಗೆ, ಅಂದರೆ ಆಸ್ಪತ್ರೆಯಲ್ಲಿ ನೋಡಿ ಕಲಿಯಲು, ಬರಬಹುದು. ಸಂಬಳವಿಲ್ಲ, ರೋಗಿಗೆ ಚಿಕಿತ್ಸೆ ಕೊಡುವಂತಿಲ್ಲ. ಆಸ್ಪತ್ರೆಯ ಲಿಖಿತ ಒಪ್ಪಿಗೆ ಬೇಕು. ಜೊತೆಗೆ, ಈ ಹಿಂದೆ ಬ್ರಿಟನ್ನಿನಲ್ಲಿ ಇಂಥ ಅಟ್ಯಾಚ್‌ಮೆಂಟ್ ಮಾಡಿಲ್ಲ ಎಂದು ದೃಢಪಡಿಸಬೇಕು. "ಈ ಸಲ ಜನರಲ್ ಇಎನ್‌ಟಿ ನೋಡೋಣ, ಮುಂದಿನ ವರ್ಷ ಗಂಟಲು" ಎಂಬ ಲೆಕ್ಕ ದಯವಿಟ್ಟು ಬೇಡ. ಇರುವುದು ಒಂದೇ ಸಲ ಎಂದುಕೊಂಡು ತಾರೀಖು ಹಾಕಿ.

ಹಾಗಾಗಿ ಒಪ್ಪಿಗೆ ಸಿಕ್ಕ ದಿನವೇ ಕನ್ಸಲ್ಟೆಂಟರ ಸೆಕ್ರೆಟರಿಗೆ ಬರೆಯಿರಿ. ಕನ್ಸಲ್ಟೆಂಟರ ಡೈರಿ ಇರುವುದು ಅವರ ಕೈಯಲ್ಲಿ. ಇಬ್ಬರೂ ಕೂರುವ ಜಾಯಿಂಟ್ ವಾಯ್ಸ್ ಕ್ಲಿನಿಕ್ ವಾರದ ಯಾವ ದಿನ, ಆ ತಿಂಗಳು ಯಾವ್ಯಾವುದು ರದ್ದು, ಮೈಕ್ರೋಲ್ಯಾರಿಂಜಿಯಲ್ ಸರ್ಜರಿ (ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಧ್ವನಿಪೆಟ್ಟಿಗೆಗೆ ಮಾಡುವ ಶಸ್ತ್ರಚಿಕಿತ್ಸೆ) ಯಾವತ್ತು, ಸ್ಪಾಸ್ಮೋಡಿಕ್ ಡಿಸ್ಫೋನಿಯಾಕ್ಕೆ (ಧ್ವನಿಪೆಟ್ಟಿಗೆಯ ಸ್ನಾಯು ಸೆಳೆದು ದನಿ ತಡವರಿಸುವ ತೊಂದರೆಗೆ) ಬೊಟುಲಿನಮ್ ಇಂಜೆಕ್ಷನ್ ಕೊಡುವ ದಿನ ಯಾವುದು, ಎಲ್ಲ ಕೇಳಿ. ಸ್ಪೀಚ್ ಥೆರಪಿಸ್ಟರಿಗೂ ಪ್ರತ್ಯೇಕವಾಗಿ ಬರೆದು ಅವರ ಥೆರಪಿ ಸೆಷನ್‌ನಲ್ಲಿ ಕೂರಲು ಅನುಮತಿ ಕೇಳಿ. ನಾನು ನಿಜವಾಗಿ ಕಲಿತದ್ದು ಅಲ್ಲಿ. ಧ್ವನಿಪಟಲದಲ್ಲಿ ಗಂಟು ಕಂಡರೂ ಇಲ್ಲಿ ಮೊದಲು ಕತ್ತಿ ಎತ್ತುವುದಿಲ್ಲ, ಥೆರಪಿ ಕೊಡುತ್ತಾರೆ. ಶಾಲೆಯ ಟೀಚರೊಬ್ಬರು ನೀರು ತುಂಬಿದ ಲೋಟದಲ್ಲಿ ಸ್ಟ್ರಾ ಇಟ್ಟು ಊದುತ್ತಾ ಸ್ವರ ಹೊರಡಿಸುವುದನ್ನು ಅಲ್ಲಿ ಮೊದಲ ಸಲ ನೋಡಿದೆ. ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇರುವ ನಾಡಿನವರು ನಾವು. ಆದರೂ ನಾನು ಓದಿದ ಕಡೆ ಸರ್ಜನ್ ಮತ್ತು ಥೆರಪಿಸ್ಟ್ ಒಂದೇ ಪರದೆ ನೋಡುತ್ತಾ ಮಾತಾಡಿದ್ದು ನೆನಪಿಲ್ಲ. ಈ ವಿಷಯದಲ್ಲಿ ಇಲ್ಲಿಯದೇ ಮೇಲು.

ಎಲ್ಲದರಲ್ಲೂ ಅಲ್ಲ. ದನಿ ಒಡೆದರೆ ನಮ್ಮಲ್ಲಿ ಸೀದಾ ಇಎನ್‌ಟಿ ಹತ್ತಿರ ಹೋಗುತ್ತಾರೆ. ಇಲ್ಲಿ ಜಿಪಿ, ಅಂದರೆ ಮೊದಲು ನೋಡುವ ಸಾಮಾನ್ಯ ಡಾಕ್ಟರು, ಕಳಿಸಬೇಕು. 45 ದಾಟಿದವರ ದನಿ ಕಾರಣವಿಲ್ಲದೆ ಒಡೆದೇ ಇದ್ದರೆ ಕ್ಯಾನ್ಸರ್ ಶಂಕೆಯ ಮೇಲೆ ಬೇಗ ಕಳಿಸುವ ದಾರಿಯಿದೆ. ಮಿಕ್ಕವರು ತಿಂಗಳುಗಟ್ಟಲೆ ಕಾಯುತ್ತಾರೆ. ನಮ್ಮ ತೆರೆದ ಬಾಗಿಲೇ ಒಳ್ಳೆಯದು ಎನ್ನುವವನು ನಾನು.

ಇನ್ನು, ಸ್ಕೋಪ್ (ಗಂಟಲೊಳಗೆ ನೋಡುವ ಉಪಕರಣ) ಮುಟ್ಟಬೇಡಿ. ಕನ್ಸಲ್ಟೆಂಟೇ ಸ್ನೇಹದಿಂದ "ಹಿಡಿದು ನೋಡಿ" ಎಂದರೂ ನಯವಾಗಿ ಬೇಡ ಎನ್ನಿ. ಊರಲ್ಲಿ ನೀವು ಸಾವಿರ ಎಂಡೋಸ್ಕೋಪಿ ಮಾಡಿರಬಹುದು, ಜಿಎಂಸಿ (ಇಲ್ಲಿಯ ವೈದ್ಯಕೀಯ ಮಂಡಳಿ) ನೋಂದಣಿ ಇಲ್ಲದೆ ಇಲ್ಲಿ ನೀವು ನೋಡುಗರು ಮಾತ್ರ.

ಹೆಪಟೈಟಿಸ್ ಬಿ, ದಡಾರ, ಕ್ಷಯದ ಪರೀಕ್ಷೆಯ ವರದಿಗಳನ್ನು ಊರಲ್ಲೇ ಮಾಡಿಸಿ ಮುಂಚಿತವಾಗಿ ಕಳಿಸಿ. ಆಸ್ಪತ್ರೆಯ ಸಿಬ್ಬಂದಿಯ ಆರೋಗ್ಯ ನೋಡುವ ಆಕ್ಯುಪೇಷನಲ್ ಹೆಲ್ತ್ ವಿಭಾಗ ಒಪ್ಪದಿದ್ದರೆ, ಸೋಮವಾರದ ಕ್ಲಿನಿಕ್ ನಡೆಯುತ್ತಿದ್ದರೂ ನೀವು ಹೊರಗೆ ಕಾರಿಡಾರಿನಲ್ಲಿ ಕೂತಿರುತ್ತೀರಿ.