ಬಸ್ಸು, ಬಜೆಟ್ ಹಿಡಿದು ಸೂಪರಿಂಟೆಂಡೆಂಟ್ ಕುರ್ಚಿಗೆ: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸ್ಕೂಲ್ ಡಿಸ್ಟ್ರಿಕ್ಟ್‌ಗಳಲ್ಲಿ ಬಿಳಿಯರಲ್ಲದ ನಮ್ಮಂಥ ಹೆಂಗಸರಿಗೆ ದೊಡ್ಡ ಹುದ್ದೆ ಅಂತ ಕೈಗೆ ಬರುವುದು ಯಾವುದು, ನಿಮಗೇ ಗೊತ್ತು. ಎಲ್ಲ ಮಕ್ಕಳಿಗೂ ಸಮಾನ ಅವಕಾಶ ಸಿಗುವಂತೆ ನೋಡಿಕೊಳ್ಳುವ ಈಕ್ವಿಟಿ ಡೈರೆಕ್ಟರ್, ಇಲ್ಲದಿದ್ದರೆ ಇಂಗ್ಲಿಷ್ ಕಲಿಯುವ ಮಕ್ಕಳ ವಿಭಾಗ. ಕೆಲಸ ಬೆಟ್ಟದಷ್ಟು, ಕೈಯಲ್ಲಿ ದುಡ್ಡಿಲ್ಲ. ಡಿಸ್ಟ್ರಿಕ್ಟ್‌ನ ಎಲ್ಲ ಶಾಲೆಗಳ ಮುಖ್ಯಸ್ಥೆ, ಅಂದರೆ ಸೂಪರಿಂಟೆಂಡೆಂಟ್ ಹುದ್ದೆಯ ಸಂದರ್ಶನಕ್ಕೆ ಹೋದರೆ, ಚುನಾಯಿತ ಬೋರ್ಡಿನವರು ಕೇಳುವುದು ಮಾತ್ರ ಬಜೆಟ್ ನಿಭಾಯಿಸಿದ್ದೀರಾ, ಯೂನಿಯನ್ ಎದುರು ಕೂತಿದ್ದೀರಾ ಅಂತ.

ಹಾಗೆ ಏಳೆಂಟು ಕಡೆ ಕೊನೆಯ ಸುತ್ತಿನ ತನಕ ಹೋಗಿ ವಾಪಸ್ ಬಂದೆ. ಒಂದು ಕಡೆ 'ನಮ್ಮ ರೈತರ ಜೊತೆ ಹೊಂದಿಕೊಳ್ಳುತ್ತೀರಾ' ಅಂದರು. ಮಂಡ್ಯದ ಗದ್ದೆ ಬದುವಿನ ಮೇಲೆ ಬೆಳೆದವಳಿಗೆ ಕೇಳಿದ ಪ್ರಶ್ನೆ ಇದು! ಅಷ್ಟರಲ್ಲಿ ಡಾಕ್ಟರೇಟಿಗೆ 60 ಸಾವಿರ ಡಾಲರ್ ಆಸುಪಾಸು ಸುರಿದಾಗಿತ್ತು. ಹೆಸರಿನ ಮುಂದೆ 'ಡಾ.' ಬಂತು, ಅಷ್ಟೇ. ಆಮೇಲೆ ಮೂರ್ನಾಲ್ಕು ಸಾವಿರಕ್ಕೆ ಮಾಡಿದ ಸ್ಕೂಲ್ ಬಿಸಿನೆಸ್ (ಶಾಲೆಗಳ ಹಣಕಾಸು ನಿರ್ವಹಣೆ) ಕೋರ್ಸೇ ಅನ್ನ ಕೊಟ್ಟಿದ್ದು.

ಸೆಂಟ್ರಲ್ ವ್ಯಾಲಿಯ ನಮ್ಮ ಡಿಸ್ಟ್ರಿಕ್ಟ್‌ನಲ್ಲಿ ಈಕ್ವಿಟಿ ಹುದ್ದೆ ಕೊಡುತ್ತೇವೆ ಅಂದಾಗ ಬೇಡ, ಬಸ್ ವಿಭಾಗ ಕೊಡಿ ಅಂದೆ. ಪ್ರಿನ್ಸಿಪಾಲ್ ಆಗಿದ್ದವಳು ಡೀಸೆಲ್ ಲೆಕ್ಕ ಬರೆಯುತ್ತಾಳಂತೆ ಅಂತ ಗೆಳತಿಯರೇ ಮೂಗು ಮುರಿದರು.

ಡಿಸೆಂಬರ್ ಬಂತೆಂದರೆ ಇಲ್ಲಿ ಟೂಲಿ ಫಾಗ್, ನೆಲಕ್ಕಂಟಿದ ದಟ್ಟ ಮಂಜು. ಬೆಳಿಗ್ಗೆ ನಾಲ್ಕೂವರೆಗೆ ಚಾಲಕರ ಜೊತೆ ಬಾದಾಮಿ ತೋಟಗಳ ನಡುವೆ ಹೋಗಿ, ಮುಂದಿನ ಲೈಟ್ ಕಂಬ ಕಾಣುತ್ತದೋ ಇಲ್ಲವೋ ನೋಡಿ, ಐದೂವರೆಯೊಳಗೆ ಬಸ್ಸು ಎರಡು ಗಂಟೆ ತಡವೋ, ಹೊರಡುವುದೇ ಇಲ್ಲವೋ ತೀರ್ಮಾನಿಸಬೇಕು. ತಡ ಅಂದರೆ ತೋಟಕ್ಕೆ ಕೂಲಿಗೆ ಹೋಗುವ ತಾಯಿಯ ಅರ್ಧ ದಿನದ ಸಂಬಳ ಹೋಯಿತು. ಯಾವ ಬೋರ್ಡ್ ಸದಸ್ಯರ ಫೋನ್ ಮೊದಲು ಬರುತ್ತದೆ, ಯೂನಿಯನ್ನಿನಲ್ಲಿ ನಿಜವಾಗಿ ಯಾರ ಮಾತು ನಡೆಯುತ್ತದೆ ಅನ್ನುವುದೆಲ್ಲ ತಿಳಿದದ್ದು ಆ ಕತ್ತಲಲ್ಲೇ.

2022ರಲ್ಲಿ ರಾಜ್ಯ ಸರ್ಕಾರ ಬಸ್ ಖರ್ಚಿನ 60% ತುಂಬಿಕೊಡುವುದಾಗಿ ಹೇಳಿತು. ಹಳೆಯ ಅನುದಾನ ಅದರಲ್ಲಿ ಕಳೆಯುತ್ತಾರೆ, 2023ರ ಏಪ್ರಿಲ್ 1ರೊಳಗೆ ಬೋರ್ಡ್ ಒಪ್ಪಿದ ಯೋಜನೆ ಬೇಕಿತ್ತು. ಅಕ್ಕಪಕ್ಕದವರು ಹಾಳೆ ಹುಡುಕುತ್ತಿದ್ದಾಗ ನನ್ನಲ್ಲಿ ರೂಟ್‌ವಾರು ಲೆಕ್ಕ ಸಿದ್ಧವಿತ್ತು. ಎಂಟು-ಹತ್ತು ಲಕ್ಷ ಡಾಲರ್ ಹೊಸ ಹಣ ತೋರಿಸಿದ ಮೇಲೆ ಡೀಸೆಲ್ ತಮಾಷೆ ನಿಂತಿತು. ಫೈನಾನ್ಸ್ ತಾನಾಗಿಯೇ ನನ್ನ ಮೇಜಿಗೆ ಬಂತು.

ಮಾರ್ಚ್ 15 ಎಷ್ಟು ಕೆಟ್ಟ ದಿನ ಅಂತ ನಿಮಗೆ ಹೇಳಬೇಕಿಲ್ಲ: ವರ್ಷದ ನಡುವೆ ಹಣಕಾಸಿನ ಸ್ಥಿತಿ ತಿಳಿಸುವ ಎರಡನೇ ಇಂಟರಿಮ್ ವರದಿ, ಶಿಕ್ಷಕರ ಲೇಆಫ್ ನೋಟಿಸ್, ಎರಡಕ್ಕೂ ಅದೇ ಗಡುವು. 'ಕ್ವಾಲಿಫೈಡ್', ಅಂದರೆ ಮುಂದೆ ಖರ್ಚು ತೂಗಿಸಲಾಗದೆ ಹೋಗಬಹುದು ಅನ್ನುವ ದರ್ಜೆಯಲ್ಲಿದ್ದ ನಮ್ಮ ಬಜೆಟ್ಟನ್ನು ಒಂದೂವರೆ ವರ್ಷದಲ್ಲಿ, ಒಬ್ಬ ಶಿಕ್ಷಕರನ್ನೂ ಕಳಿಸದೆ ಖರ್ಚು ತೂಗುತ್ತದೆ ಅನ್ನುವ 'ಪಾಸಿಟಿವ್'ಗೆ ತಂದೆ. ಖಾಲಿ ಹುದ್ದೆಗಳನ್ನು ಯಾವ ಕ್ರಮದಲ್ಲಿ ಮುಚ್ಚಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಸಿಕ್ಕಾಗ ಕೇಳಿ.

ನಡುವೆ ಇನ್ನೊಂದು ಪ್ರಯೋಗ. ಇಲ್ಲಿ ದುಡ್ಡು ಬರುವುದು ದಿನದ ಹಾಜರಿಯ ಮೇಲೆ. ಚಳಿಗಾಲದಲ್ಲಿ ಪಂಜಾಬಿ ಕುಟುಂಬಗಳು ಊರಿಗೆ ಹೊರಟರೆ ತಿಂಗಳು ಪೂರ್ತಿ ಮಗು ಗೈರು. ಹೊರಡುವ ಮೊದಲೇ ಇಂಡಿಪೆಂಡೆಂಟ್ ಸ್ಟಡಿ (ಶಾಲೆಗೆ ಬರದೆ ಪಾಠ ಮಾಡಿ ಹಾಜರಿ ಪಡೆಯುವ) ಕರಾರಿಗೆ ಸಹಿ ಹಾಕಿ ಅಂತ ಪಂಜಾಬಿ ಬಲ್ಲ ಚಾಲಕಿಯರಿಂದ ಹೇಳಿಸಿದೆ. ಚೆನ್ನಾಗಿ ನಡೆಯಿತು. ಮೆಕ್ಸಿಕೋಗೆ ಹೋಗುವ ಕುಟುಂಬಗಳಲ್ಲಿ ಮಾತ್ರ ಠುಸ್ಸಾಯಿತು, ವಾಪಸಾಗುವ ದಿನ ಅವರಿಗೇ ಖಚಿತವಿರುತ್ತಿರಲಿಲ್ಲ.

ಹೀಗೆ ಬಸ್ಸು, ಬಜೆಟ್ ಹಿಡಿದೇ ಸೂಪರಿಂಟೆಂಡೆಂಟ್ ಕುರ್ಚಿಗೆ ಬಂದೆ. ನಾನೇನೂ ಹೊಸ ದಾರಿ ಕಡಿದಿಲ್ಲ. 2016ರಲ್ಲಿ ಲಾಸ್ ಏಂಜಲೀಸ್ ಶಾಲೆಗಳ ಮುಖ್ಯಸ್ಥೆಯಾದ ಮೊದಲ ಕಪ್ಪು ಮಹಿಳೆ ಮಿಶೆಲ್ ಕಿಂಗ್ ಕೂಡ ಶಾಲೆಗಳ ಆಪರೇಷನ್ಸ್ ನೋಡಿಕೊಂಡಿದ್ದವರೇ.

ಕುರ್ಚಿ ಸಿಕ್ಕಿತೆಂದು ಕೈಗೆ ಬಂದ ಕರಾರಿಗೆ ಸಹಿ ಹಾಕಬೇಡಿ. ವಾಷಿಂಗ್ಟನ್ ಡಿ.ಸಿ.ಯಲ್ಲಿ ಬಾರ್ಬರಾ ಸೈಜ್‌ಮೋರ್ 1973ರಲ್ಲಿ ಸೂಪರಿಂಟೆಂಡೆಂಟ್ ಆಗಿ ಬಂದರು, 1975ರಲ್ಲಿ ಬೋರ್ಡೇ ತೆಗೆದುಹಾಕಿತು. ಡಿಸ್ಟ್ರಿಕ್ಟ್ ವಕೀಲರು ಡಿಸ್ಟ್ರಿಕ್ಟ್‌ನವರು. ನಿಮ್ಮ ವಕೀಲರನ್ನು ನೀವೇ ಇಟ್ಟುಕೊಳ್ಳಿ, ನನಗೆ ಮೂರು ಸಾವಿರದ ಮೇಲಾಯಿತು. ಕಾನೂನು ನಾಲ್ಕು ವರ್ಷದ ಅವಧಿಗೂ, ನಡುವೆ ತೆಗೆದರೆ ಹನ್ನೆರಡು ತಿಂಗಳ ಸಂಬಳದ ತನಕ ಪರಿಹಾರಕ್ಕೂ ಅವಕಾಶ ಕೊಡುತ್ತದೆ, ಎರಡನ್ನೂ ಪೂರ್ತಿ ಕೇಳಿ. ಬೋರ್ಡ್ ಚುನಾವಣೆ ನವೆಂಬರಿನಲ್ಲಿ, ಹೊಸಬರು ಕೂರುವುದು ಡಿಸೆಂಬರಿನಲ್ಲಿ. ಅವರು ಕೂತ ಮೇಲೆ ಮೂರು ತಿಂಗಳು ಕಾರಣವಿಲ್ಲದೆ ತೆಗೆಯುವಂತಿಲ್ಲ ಅನ್ನುವ ಷರತ್ತನ್ನೂ ಬರೆಸಿಕೊಳ್ಳಿ.